ಅಮ್ಮನಿಗೆ ಸಾಲದ ಮೂರು ಸೆಕೆಂಡ್

‘ಕನ್ನಡಕ್ಕಾಗಿ ಎರಡನ್ನು ಒತ್ತಿ’ ಅಂತು ಕಸ್ಟಮರ್ ಕೇರ್‌ನ ಹೆಣ್ಣುದನಿ. ಅಮ್ಮ ಫೋನನ್ನು ಕಿವಿಯಿಂದ ತೆಗೆದು, ಕನ್ನಡಕ ಹಾಕಿಕೊಂಡು, ಕೀಪ್ಯಾಡ್ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ‘ಕ್ಷಮಿಸಿ, ನೀವು ಯಾವುದನ್ನೂ ಆಯ್ಕೆ ಮಾಡಿಲ್ಲ.’ ಮೂರನೇ ಸಲಕ್ಕೆ ಕಾಲ್ ಕಟ್.

‘ನಂಗೆ ಇದೆಲ್ಲ ಬರಲ್ಲ ಕಣೋ’ ಅಂದಳು ಅಮ್ಮ.

ನನಗೆ ಚುರುಕ್ ಅಂತು. ಯಾಕಂದ್ರೆ ಇಂಥ ಮೆನುಗಳಿಗೆ ಕೋಡ್ ಬರೆಯೋದೇ ನನ್ನ ಕೆಲಸ. ಮೂರು ಸೆಕೆಂಡ್ ಕಾದರೆ ಸಾಕು ಅಂತ ನಾನೂ ಒಂದು ಕಡೆ ಬರೆದಿದ್ದೆ. ಟೆಸ್ಟ್ ಮಾಡಿದವನೂ ನಾನೇ. ಏನು ಒತ್ತಬೇಕು ಅಂತ ನನಗೆ ಮೊದಲೇ ಗೊತ್ತಿತ್ತಲ್ಲ!

ಒತ್ತಿದ ಕೀ ಗುರುತಿಸೋದು ಕಂಪ್ಯೂಟರಿಗೆ ಸುಲಭ. ಒಂದೊಂದು ಕೀಗೂ ಎರಡು ಸ್ವರಗಳ ಜೋಡಿ ಇದೆ, ಅಡ್ಡಸಾಲಿನದೊಂದು, ಉದ್ದಸಾಲಿನದೊಂದು. ‘2’ ಅಂದ್ರೆ 697 ಮತ್ತು 1336 ಹರ್ಟ್ಸ್. ಅಮೆರಿಕದ ಬೆಲ್ ಸಂಸ್ಥೆ 1963ರಲ್ಲಿ ತಂದ ಟಚ್-ಟೋನ್ ಪದ್ಧತಿಯೇ ಇವತ್ತಿಗೂ ನಡೀತಿದೆ. ನಮ್ಮ ಮಾತನ್ನೇ ಕೀ ಅಂತ ತಪ್ಪು ತಿಳಿಯದಿರಲಿ ಅಂತ ಈ ಜೋಡಿ ಸ್ವರ.

ಕಷ್ಟ ಇರೋದು ಮೌನದಲ್ಲಿ. ಕರೆ ಮಾಡಿದವರು ಫೋನ್ ಬಿಟ್ಟು ಹೋದರೋ, ಕನ್ನಡಕ ಹುಡುಕ್ತಿದ್ದಾರೋ? ಕಂಪ್ಯೂಟರಿಗೆ ಎರಡೂ ಒಂದೇ. ಎಷ್ಟು ಹೊತ್ತು ಕಾಯಬೇಕು ಅಂತ ಹೇಳಿಕೊಡಬೇಕಾದವರು ನಾವು. ಗ್ರಾಹಕ ಸಂಖ್ಯೆ ಒತ್ತುವಾಗಲೂ ಹಾಗೇ. ಒಂದು ಅಂಕಿಯಿಂದ ಇನ್ನೊಂದಕ್ಕೆ ಬೆರಳು ಹೋಗುವಷ್ಟು ಬಿಡುವು ಬೇಕು. ಮೇಲಾಗಿ, ಕಿವಿಗಿಟ್ಟ ಸ್ಮಾರ್ಟ್‌ಫೋನಿನ ಪರದೆ ಆರಿಹೋಗಿರುತ್ತದೆ. ಕೀಪ್ಯಾಡ್ ನೋಡಿದರೆ ದನಿ ಕೇಳಲ್ಲ, ದನಿ ಕೇಳಿದರೆ ಕೀಪ್ಯಾಡ್ ಕಾಣಲ್ಲ.

ನನ್ನ ಕೋಡಿನಲ್ಲಿ ಮೂರನ್ನು ಹತ್ತು ಮಾಡಿದೆ. ‘ಎಲ್ಲರಿಗೂ ತಡ ಆಗಲ್ವಾ?’ ಅಂದರು ಜೊತೆಯವರು. ಇಲ್ಲ. ಕೀ ಒತ್ತಿದ ಕೂಡಲೇ ಕಾಯುವುದು ಮುಗಿಯುತ್ತೆ. ದನಿ ಮಾತು ಮುಗಿಸುವ ಮೊದಲೇ ಒತ್ತಲು ಬಿಟ್ಟರೆ ಗೊತ್ತಿರುವವರಿಗೆ ಇನ್ನೂ ಬೇಗ. ಹೆಚ್ಚಿನ ಏಳು ಸೆಕೆಂಡ್ ಸಿಗೋದು ಬೇಕಾದವರಿಗೆ ಮಾತ್ರ. ಮೂರು ಸಲ ತಪ್ಪಿದರೆ ಈಗ ಕಾಲ್ ಕಟ್ ಆಗಲ್ಲ, ಸಿಬ್ಬಂದಿಗೆ ಹೋಗುತ್ತೆ.

ಅಮ್ಮ ಮಾಡಿದ ಕಂಪನಿಯ ಮೆನು ಮಾತ್ರ ನನ್ನ ಕೈಲಿಲ್ಲ. ಹಾಗಾಗಿ ಅವಳಿಗೆ ಹೇಳಿಕೊಟ್ಟಿದ್ದು ಇಷ್ಟೇ: ಮೊದಲು ಕನ್ನಡಕ, ಗ್ರಾಹಕ ಸಂಖ್ಯೆ ಬರೆದ ಚೀಟಿ ಎದುರಿಗೆ, ಕಾಲ್ ಹೋದ ತಕ್ಷಣ ಸ್ಪೀಕರ್ ಆನ್, ಕೀಪ್ಯಾಡ್ ಓಪನ್. ಫೋನ್ ಮೇಜಿನ ಮೇಲೇ ಇರಲಿ.

ಮರುದಿನ ಅಮ್ಮ ತಾನೇ ಮಾಡಿದಳು. ಎರಡು ಒತ್ತಿದಳು, ಕನ್ನಡ ಬಂತು. ನಿಮ್ಮ ಮನೆಯಲ್ಲೂ ಯಾರಾದರೂ ‘ನಂಗೆ ಬರಲ್ಲ’ ಅಂದರೆ ಫೋನ್ ಕಸಿದುಕೊಂಡು ನೀವೇ ಒತ್ತಬೇಡಿ. ಪಕ್ಕದಲ್ಲಿ ಕೂತು ಒಮ್ಮೆ ಸ್ಪೀಕರ್ ಆನ್ ಮಾಡಿಕೊಡಿ.