ಪಡುವಣಕ್ಕೆ ಮುಖ ಮಾಡಿದ್ದ ಜಾಲರಿ ಕೊಡೆಗಳು

ಊರಿನ ಯಾವುದಾದರೂ ಬೀದಿಯಲ್ಲಿ ನಿಂತು ಮಾಳಿಗೆಗಳ ಕಡೆ ಕಣ್ಣು ಹಾಯಿಸಿ. ಒಬ್ಬೊಬ್ಬರ ಮನೆಯ ಡಿಷ್ ಒಂದೊಂದು ಕಂಪನಿಯದು. ಆದರೂ ಎಲ್ಲವೂ ದಕ್ಷಿಣ ಮತ್ತು ಪೂರ್ವ ದಿಕ್ಕುಗಳ ನಡುವೆ ಎಲ್ಲೋ ಮುಖ ಮಾಡಿರುತ್ತವೆ. ಇದು ವಾಸ್ತುವಿನ ಮಹಿಮೆಯಲ್ಲ! ಟಿ.ವಿ. ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ನಾವು ಆ ರೇಖೆಯ ಉತ್ತರಕ್ಕಿದ್ದೇವೆ.

ಆದರೆ ಕರ್ನಾಟಕದ ಹಳ್ಳಿಗಳಿಗೆ ಬಂದ ಮೊಟ್ಟಮೊದಲ ಡಿಷ್‌ಗಳು ನೋಡುತ್ತಿದ್ದುದು ಪಡುವಣಕ್ಕೆ. ಅದು 1975ನೇ ಇಸವಿ. ಆಗ ರಾಜಧಾನಿ ಬೆಂಗಳೂರಿನಲ್ಲೇ ದೂರದರ್ಶನ ಇರಲಿಲ್ಲ. ಅಲ್ಲಿ ಅದು ಶುರುವಾದದ್ದು 1981ರ ನವೆಂಬರಿನಲ್ಲಿ. ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗರು ಬೆಂಗಳೂರಿಗರಿಗಿಂತ ಆರು ವರ್ಷ ಮೊದಲೇ ತಮ್ಮೂರಿನಲ್ಲಿ ಟಿ.ವಿ. ಕಂಡರು ಎಂದರೆ ಇಂದಿನ ಮಕ್ಕಳು ನಂಬುವುದು ಕಷ್ಟ.

ಈ ಪ್ರಯೋಗದ ಹೆಸರು 'ಸೈಟ್'. ವಿಕ್ರಂ ಸಾರಾಭಾಯಿ ಕಂಡ ಕನಸು ಅದು. ಅಮೆರಿಕದ ನಾಸಾ ಸಂಸ್ಥೆಯೊಡನೆ 1969ರಲ್ಲಿ ಒಪ್ಪಂದವಾಯಿತು. ಆದರೆ ಅದು ಕೈಗೂಡುವುದನ್ನು ನೋಡಲು ಸಾರಾಭಾಯಿ ಉಳಿಯಲಿಲ್ಲ. 1971ರ ಡಿಸೆಂಬರಿನಲ್ಲಿ ತೀರಿಕೊಂಡರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಊರಿಗೊಂದು ಕಪ್ಪು-ಬಿಳುಪಿನ ಟಿ.ವಿ. ಊರವರೆಲ್ಲ ಒಟ್ಟಿಗೆ ಕೂತು ನೋಡಬೇಕು. ಕರೆಂಟಿಲ್ಲದ ಕೆಲವು ಹಳ್ಳಿಗಳಲ್ಲಿ ಅದು ಬ್ಯಾಟರಿಯಿಂದ ನಡೆಯಿತು.

ಡಿಷ್ ಎಂದರೆ ಇಂದಿನ ತಟ್ಟೆಯಂಥದಲ್ಲ. ಹತ್ತು ಅಡಿ ಅಗಲದ ಕೊಡೆ. ಅದಕ್ಕೆ ಹೊದಿಸಿದ್ದು ಕೋಳಿಗೂಡಿಗೆ ಹಾಕುವ ತಂತಿ ಬಲೆ! ತೂತು ತೂತಾದ ಬಲೆಯಲ್ಲಿ ಅಲೆಗಳು ಸೋರಿಹೋಗುವುದಿಲ್ಲವೇ? ಇಲ್ಲೇ ಪಾಠವಿರುವುದು. ಆ ಪ್ರಸಾರದ ಆವರ್ತನ 860 ಮೆಗಾಹರ್ಟ್ಸ್. ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ ತರಂಗದ ಉದ್ದ ಸುಮಾರು 35 ಸೆಂಟಿಮೀಟರ್ ಬರುತ್ತದೆ. ಅಷ್ಟುದ್ದದ ಅಲೆಗೆ ಬಲೆಯ ಚಿಕ್ಕ ಕಣ್ಣುಗಳು ಲೆಕ್ಕಕ್ಕೇ ಇಲ್ಲ. ಗಟ್ಟಿ ತಗಡಿಗೆ ಬಡಿದಂತೆಯೇ ಅದು ಪುಟಿಯುತ್ತದೆ. ಬಲೆಗೆ ಬೆಲೆ ಕಡಿಮೆ, ಭಾರ ಕಡಿಮೆ, ಗಾಳಿಯ ಒತ್ತಡವೂ ಕಡಿಮೆ. ಇಂದಿನ ಡಿಷ್ ಹಿಡಿಯುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಅದಕ್ಕೆ ಎರಡಡಿಯ ತಟ್ಟೆಯೇ ಸಾಕು.

ನೆಲದ ಮೇಲಿನ ಉಪಕರಣ ಇಷ್ಟು ಸರಳವಾಗಬೇಕಾದರೆ ಆಕಾಶದಲ್ಲಿರುವುದು ಬಲಿಷ್ಠವಾಗಿರಬೇಕು. ಎಟಿಎಸ್-6 ಉಪಗ್ರಹದ ಆಂಟೆನಾ ಒಂಬತ್ತು ಮೀಟರಿಗೂ ಅಗಲ. ಅದನ್ನು ಸುರುಳಿ ಸುತ್ತಿ ಮೇಲಕ್ಕೆ ಕಳುಹಿಸಿ, ಅಲ್ಲಿ ಕೊಡೆಯಂತೆ ಬಿಚ್ಚಲಾಯಿತು. ಭಾರತದತ್ತ ನೋಡುವಂತೆ ಅದನ್ನು ಪೂರ್ವ ಆಫ್ರಿಕಾದ ಮೇಲೆ, 35 ಡಿಗ್ರಿ ಪೂರ್ವ ರೇಖಾಂಶಕ್ಕೆ ಸರಿಸಿದರು. ನಮ್ಮ ಕೊಡೆಗಳು ಪಶ್ಚಿಮಕ್ಕೆ ತಿರುಗಿದ್ದು ಈ ಕಾರಣಕ್ಕೆ.

ಬೆಳಿಗ್ಗೆ ಶಾಲಾ ಮಕ್ಕಳಿಗೆ ಒಂದೂವರೆ ಗಂಟೆ ಪ್ರಸಾರ. ಅದರಲ್ಲಿ ನಾಲ್ಕು ಭಾಷೆಗಳಿಗೆ ಸಮಪಾಲು, ಕನ್ನಡಕ್ಕೆ ಇಪ್ಪತ್ತೆರಡೂವರೆ ನಿಮಿಷ! ಸಂಜೆ ಬೇಸಾಯ, ಆರೋಗ್ಯ, ಹಾಡು-ನಾಟಕ. ಒಂದೇ ಚಿತ್ರದೊಡನೆ ಎರಡು ಭಾಷೆಗಳ ಧ್ವನಿ ಕಳುಹಿಸುವ ಏರ್ಪಾಡೂ ಇತ್ತು. ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರು ರಜೆಯಲ್ಲಿ ಇದರ ಮೂಲಕವೇ ವಿಜ್ಞಾನ ಬೋಧನೆಯ ತರಬೇತಿ ಪಡೆದರು. ಇಂದು ಮನೆಯಲ್ಲಿ ರಿಮೋಟಿಗಾಗಿ ಕಿತ್ತಾಡುವ ಅಣ್ಣ-ತಂಗಿಯರಿಗೆ ಆ ಇಪ್ಪತ್ತೆರಡೂವರೆ ನಿಮಿಷದ ಲೆಕ್ಕ ಹೇಳಿ ನೋಡಬೇಕು.

ಉಪಗ್ರಹ ಮಾತ್ರ ಎರವಲಿನದು. ಒಂದು ವರ್ಷದ ಗಡುವು 1976ರ ಜುಲೈ 31ಕ್ಕೆ ಮುಗಿಯಿತು. ಎಟಿಎಸ್-6 ಅಮೆರಿಕದ ಕಡೆಗೆ ಹಿಂದಿರುಗಿತು. ಟಿ.ವಿ. ಕೆಟ್ಟಿರಲಿಲ್ಲ, ಬಲೆ ಹರಿದಿರಲಿಲ್ಲ. ಆಕಾಶದಿಂದ ಏನೂ ಬರುತ್ತಿರಲಿಲ್ಲ, ಅಷ್ಟೆ. ರೂಢಿ ಮಾಡಿಸಿ ಕಿತ್ತುಕೊಳ್ಳುವುದು ಸರಿಯೇ ಎಂದು ಕೇಳಿದವರು ಆಗಲೂ ಇದ್ದರು. ಆ ಪ್ರಶ್ನೆ ನ್ಯಾಯವಾದದ್ದೇ.

ಗುಲ್ಬರ್ಗಾದಲ್ಲಿ 1977ರಲ್ಲಿ ನೆಲದ ಪ್ರಸಾರ ಕೇಂದ್ರ ಬಂದು, ಸುತ್ತಲಿನ ಹಳ್ಳಿಗಳಿಗೆ ಮತ್ತೆ ಚಿತ್ರ ಕಂಡಿತು. ದೇಶದ ಸ್ವಂತ ಇನ್ಸಾಟ್ ಸರಣಿಯ ಮೊದಲ ಉಪಗ್ರಹ 1982ರಲ್ಲಿ ಕೆಲವೇ ತಿಂಗಳಲ್ಲಿ ಕೈಕೊಟ್ಟಿತು. 1983ರ ಆಗಸ್ಟಿನಲ್ಲಿ ಹಾರಿದ ಇನ್ಸಾಟ್-1ಬಿ ನಿಂತಿತು.

ಇವತ್ತು ಸಂಜೆ ದಿಕ್ಸೂಚಿ ಹಿಡಿದು ಮಾಳಿಗೆ ಹತ್ತಿ. ನಿಮ್ಮ ಡಿಷ್ ನೋಡುವ ದಿಕ್ಕನ್ನೊಮ್ಮೆ ಗುರುತು ಹಾಕಿಕೊಳ್ಳಿ. ಆಮೇಲೆ ನೇರ ಪಶ್ಚಿಮದಿಂದ ತುಸು ಎಡಕ್ಕೆ, ದಿಗಂತದಿಂದ ಸುಮಾರು ನಲವತ್ತು ಡಿಗ್ರಿ ಮೇಲಕ್ಕೆ ನೋಡಿ. ಎಟಿಎಸ್-6 ಇದ್ದದ್ದು ಅಲ್ಲಿ.