ದೋಣಿಗೆ ರಜೆ, ಬ್ಯಾಟರಿಗಿಲ್ಲ!

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಸುಪೀರಿಯರ್ ಸರೋವರದ ದಡದಲ್ಲಿ ಡುಲುತ್ ಎಂಬ ಬಂದರು ನಗರವಿದೆ. ಅಕ್ಟೋಬರ್ ಬಂತೆಂದರೆ ಅಲ್ಲಿನ ವಿಹಾರ ದೋಣಿಗಳು ಒಂದೊಂದಾಗಿ ನೀರು ಬಿಟ್ಟು ದಡ ಸೇರುತ್ತವೆ. ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಆ ಊರಿಗೆ ಹೊಸತೇನಲ್ಲ. ಎಂಜಿನ್ನಿನಲ್ಲಿ ಉಳಿದ ನೀರನ್ನು ಬಸಿದು, ಮೇಲೆ ಟಾರ್ಪಾಲಿನ್ ಹೊದಿಸಿ ಒಡೆಯ ಮನೆಗೆ ನಡೆಯುತ್ತಾನೆ. ಮತ್ತೆ ದೋಣಿ ನೀರಿಗಿಳಿಯುವುದು ಏಪ್ರಿಲ್ ಇಲ್ಲವೇ ಮೇ ತಿಂಗಳಲ್ಲಿ.

ಆರು ತಿಂಗಳ ಈ ನಿದ್ದೆಯಲ್ಲಿ ದೋಣಿಯ ಒಂದು ಭಾಗ ಮಾತ್ರ ಮಲಗುವುದಿಲ್ಲ. ಅದೇ ಬ್ಯಾಟರಿ. ಮುಚ್ಚಿದ ಪೆಟ್ಟಿಗೆಯೊಳಗೆ ರಾಸಾಯನಿಕ ಕ್ರಿಯೆ ಸದ್ದಿಲ್ಲದೆ ನಡೆಯುತ್ತಲೇ ಇರುತ್ತದೆ. ಅದನ್ನು ಮರೆತವನಿಗೆ ವಸಂತದಲ್ಲಿ ಕಾದಿರುವುದು ಬಿರಿದ ಪೆಟ್ಟಿಗೆ, ಸೋರಿದ ಆಮ್ಲ. ಸ್ವಲ್ಪ ದೊಡ್ಡ ದೋಣಿಯಾದರೆ ಬ್ಯಾಟರಿಗಳು ಮೂರೋ ನಾಲ್ಕೋ ಇರುತ್ತವೆ. ನಷ್ಟವೂ ಅಷ್ಟೇ ಪಟ್ಟು.

ಚಳಿ ಮಿತ್ರನೋ, ಶತ್ರುವೋ?

ದೋಣಿ, ಕಾರು, ಮನೆಯ ಇನ್ವರ್ಟರ್‌ಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಸೀಸ-ಆಮ್ಲ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಇದನ್ನು ರೂಪಿಸಿದ. ಮೂಲತತ್ವ ಇಂದಿಗೂ ಅದೇ. ಒಂದು ಬಗೆಯ ಫಲಕದಲ್ಲಿ ಸೀಸ, ಇನ್ನೊಂದರಲ್ಲಿ ಸೀಸದ ಡೈಆಕ್ಸೈಡ್, ನಡುವೆ ನೀರು ಬೆರೆತ ಗಂಧಕಾಮ್ಲ. ಬ್ಯಾಟರಿ ವಿದ್ಯುತ್ ಕೊಡುವಾಗ ಆಮ್ಲದಲ್ಲಿರುವ ಸಲ್ಫೇಟ್ ಎರಡೂ ಫಲಕಗಳನ್ನು ಸೇರಿ ಸೀಸದ ಸಲ್ಫೇಟ್ ಆಗುತ್ತದೆ. ಜೊತೆಗೆ ನೀರು ಹುಟ್ಟುತ್ತದೆ. ಹೀಗಾಗಿ ದ್ರಾವಣ ತೆಳುವಾಗುತ್ತದೆ. ಚಾರ್ಜ್ ಮಾಡಿದರೆ ಇದೇ ಕ್ರಿಯೆ ಹಿಮ್ಮುಖವಾಗಿ ನಡೆದು ಆಮ್ಲ ಮತ್ತೆ ಪ್ರಬಲವಾಗುತ್ತದೆ.

ಚಳಿಗಾಲದ ಗುಟ್ಟು ಇರುವುದು ಇಲ್ಲಿಯೇ. ಪೂರ್ತಿ ಚಾರ್ಜ್ ಆದ ಬ್ಯಾಟರಿಯ ದ್ರಾವಣದ ಸಾಪೇಕ್ಷ ಸಾಂದ್ರತೆ ಸುಮಾರು 1.265. ಅದು ಹೆಪ್ಪುಗಟ್ಟಬೇಕಾದರೆ ಉಷ್ಣತೆ ಸೊನ್ನೆಗಿಂತ 50 ಡಿಗ್ರಿಗೂ ಕೆಳಗೆ ಹೋಗಬೇಕು. ಬರಿದಾದ ಬ್ಯಾಟರಿಯಲ್ಲಿ ಸಾಂದ್ರತೆ 1.1ರ ಆಸುಪಾಸಿಗೆ ಇಳಿದಿರುತ್ತದೆ. ಅದು ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೇ ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾದಾಗ ಹಿಗ್ಗುತ್ತದೆ ಎಂಬುದು ಶಾಲೆಯ ಪಾಠ. ಆ ಹಿಗ್ಗುವಿಕೆಗೆ ಫಲಕಗಳು ಬಾಗುತ್ತವೆ, ಪೆಟ್ಟಿಗೆ ಸೀಳುತ್ತದೆ. ಹೀಗೆ ಹೆಪ್ಪುಗಟ್ಟಿದ ಬ್ಯಾಟರಿಯನ್ನು ಎಂದೂ ಚಾರ್ಜ್ ಮಾಡಬಾರದು, ಅದು ಸಿಡಿಯಬಹುದು.

ಚಳಿಗೆ ಇನ್ನೊಂದು ಮುಖವೂ ಉಂಟು. ಬಳಸದೆ ಇಟ್ಟ ಬ್ಯಾಟರಿಯೂ ತಾನಾಗಿ ಬರಿದಾಗುತ್ತಾ ಹೋಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಈ ಸೋರಿಕೆಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಾಗಾಗಿ ತುಂಬಿದ ಬ್ಯಾಟರಿಗೆ ತಣ್ಣನೆಯ ಜಾಗವೇ ಒಳ್ಳೆಯದು. ಚಳಿ ಕೊಲ್ಲುವುದು ಖಾಲಿ ಬ್ಯಾಟರಿಯನ್ನು ಮಾತ್ರ.

ಹಿಮ ಬೀಳದ ಊರಿನಲ್ಲೂ ಖಾಲಿ ಬ್ಯಾಟರಿಗೆ ನೆಮ್ಮದಿಯಿಲ್ಲ. ಫಲಕಗಳ ಮೇಲಿನ ಸೀಸದ ಸಲ್ಫೇಟ್ ವಾರಗಟ್ಟಲೆ ಹಾಗೆಯೇ ಉಳಿದರೆ ಗಟ್ಟಿ ಹರಳುಗಳಾಗಿ ಬೆಳೆಯುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗದು. ಬ್ಯಾಟರಿಯ ಸಾಮರ್ಥ್ಯ ಅಷ್ಟರಮಟ್ಟಿಗೆ ಶಾಶ್ವತವಾಗಿ ಕುಗ್ಗುತ್ತದೆ.

ಒಂದು ತೂತು, ನಾಲ್ಕು ಟ್ಯಾಂಕು

ದೋಣಿಯ ಬ್ಯಾಟರಿಗಳೆಲ್ಲ ಒಂದೇ ಬಗೆಯವಲ್ಲ. ಎಂಜಿನ್ ಚಾಲೂ ಮಾಡುವ ಬ್ಯಾಟರಿ ಕೆಲವೇ ಕ್ಷಣ ಭಾರೀ ವಿದ್ಯುತ್ ಕೊಡುವಂಥದು. ದೀಪ, ರೇಡಿಯೋ, ಪಂಪುಗಳಿಗೆ ಇರುವುದು ಗಂಟೆಗಟ್ಟಲೆ ನಿಧಾನವಾಗಿ ಕೊಡುವಂಥದು. ಎಲ್ಲವನ್ನೂ ಸಮಾಂತರವಾಗಿ ಜೋಡಿಸಿ ಒಂದೇ ಚಾರ್ಜರಿಗೆ ಸಿಕ್ಕಿಸಿ ಚಳಿಗಾಲ ಕಳೆಯೋಣ ಎನ್ನುವ ಆಸೆ ಸಹಜ. ಆದರೆ ನಾಲ್ಕು ನೀರಿನ ಟ್ಯಾಂಕುಗಳನ್ನು ಕೊಳವೆಯಿಂದ ಜೋಡಿಸಿದಾಗ ಒಂದಕ್ಕೆ ತೂತು ಬಿದ್ದರೆ ಏನಾಗುತ್ತದೆ? ನಾಲ್ಕೂ ಬರಿದಾಗುತ್ತವೆ. ಬ್ಯಾಟರಿಗಳ ಕಥೆಯೂ ಇದೇ. ಒಂದರಲ್ಲಿ ಒಂದು ಕೋಶ ಕೆಟ್ಟರೂ ಅದು ಉಳಿದವುಗಳ ಶಕ್ತಿಯನ್ನು ಹೀರುತ್ತದೆ. ಆದ್ದರಿಂದ ಸಂಗ್ರಹಿಸಿ ಇಡುವಾಗ ಪ್ರತಿಯೊಂದನ್ನೂ ಬೇರ್ಪಡಿಸಬೇಕು.

ಮುಖ್ಯ ಸ್ವಿಚ್ ಆರಿಸಿದರೆ ಸಾಕು ಎಂದುಕೊಳ್ಳುವುದು ತಪ್ಪು. ದೋಣಿಯ ತಳದ ನೀರೆತ್ತುವ ಪಂಪನ್ನು ಎಷ್ಟೋ ಸಲ ನೇರವಾಗಿ ಬ್ಯಾಟರಿಗೇ ಜೋಡಿಸಿರುತ್ತಾರೆ. ಯಾವ ತಂತಿ ಎಲ್ಲಿಗೆ ಎಂದು ಚೀಟಿ ಅಂಟಿಸಿ, ಮೊದಲು ಋಣ ತಂತಿಯನ್ನೂ ಆಮೇಲೆ ಧನ ತಂತಿಯನ್ನೂ ಬಿಚ್ಚಬೇಕು. ಋಣ ತಂತಿ ಎಂಜಿನ್ನಿನ ಲೋಹಕ್ಕೆ ಸೇರಿರುತ್ತದೆ. ಧನ ತಂತಿಯನ್ನೇ ಮೊದಲು ಬಿಚ್ಚಹೊರಟು ಸ್ಪ್ಯಾನರ್ ಆ ಲೋಹಕ್ಕೆ ತಗುಲಿದರೆ ಭಾರೀ ಕಿಡಿ ಏಳುತ್ತದೆ. ಮರಳಿ ಜೋಡಿಸುವಾಗ ಧನ ಮೊದಲು, ಋಣ ಕೊನೆಗೆ.

ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟು ವೋಲ್ಟ್‌ಮೀಟರ್ ಹಿಡಿದರೆ 12 ವೋಲ್ಟ್ ಬ್ಯಾಟರಿಯ ಸ್ಥಿತಿ ತಿಳಿಯುತ್ತದೆ. 12.6 ಅಥವಾ ಹೆಚ್ಚಿದ್ದರೆ ಪೂರ್ತಿ ತುಂಬಿದೆ. 12.4 ಎಂದರೆ ಮುಕ್ಕಾಲು. ಆಗಲೇ ಚಾರ್ಜ್ ಮಾಡುವುದು ಜಾಣತನ. 12.2 ಎಂದರೆ ಅರ್ಧ. 12ಕ್ಕೆ ಇಳಿದರೆ ಉಳಿದಿರುವುದು ಕಾಲು ಭಾಗ ಮಾತ್ರ. ಚಾರ್ಜರ್ ಒಂದೇ ಇದ್ದರೆ ತಿಂಗಳಿಗೊಮ್ಮೆ ಸರದಿಯಂತೆ ಒಂದೊಂದಕ್ಕೆ ಜೋಡಿಸಬಹುದು. ಪ್ರತಿ ಬ್ಯಾಟರಿಗೂ ಪ್ರತ್ಯೇಕ ಸಂಪರ್ಕವಿರುವ ಚಾರ್ಜರ್‌ಗಳೂ ಸಿಗುತ್ತವೆ. ಬ್ಯಾಟರಿ ತುಂಬಿದ ಬಳಿಕ ತಾವೇ 13.5 ವೋಲ್ಟಿನ ಸುಮಾರಿಗೆ ಇಳಿಯುವಂಥ ಚಾರ್ಜರ್‌ಗಳನ್ನಷ್ಟೇ ದೀರ್ಘಕಾಲ ಜೋಡಿಸಿಡಬಹುದು. ಹಳೆಯ ಮಾದರಿಯ ಸಾದಾ ಚಾರ್ಜರ್ ಬಿಟ್ಟುಹೋದರೆ ಅದು ದ್ರಾವಣದ ನೀರನ್ನೇ ಒಡೆದು ಬತ್ತಿಸುತ್ತದೆ.

ಈಚಿನ ಲಿಥಿಯಂ ಬ್ಯಾಟರಿಗಳ ರೀತಿ ಬೇರೆ. ಅವನ್ನು ಸುಮಾರು ಅರ್ಧ ಚಾರ್ಜಿನಲ್ಲಿಟ್ಟು ತಂತಿ ಬಿಚ್ಚಿಡುವುದು ರೂಢಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಪದರಗಟ್ಟಿ ಬ್ಯಾಟರಿ ಹಾಳಾಗುತ್ತದೆ.

ಕಣ್ಣಿಗೆ ಕಾಣದ ಅನಿಲ

ಸೀಸ-ಆಮ್ಲ ಬ್ಯಾಟರಿಯನ್ನು ಚಾರ್ಜ್ ಮಾಡುವಾಗ, ಅದರಲ್ಲೂ ವೋಲ್ಟೇಜು 14.4 ದಾಟಿದಾಗ, ನೀರು ಒಡೆದು ಜಲಜನಕ ಮತ್ತು ಆಮ್ಲಜನಕ ಹೊರಬರುತ್ತವೆ. ಗಾಳಿಯಲ್ಲಿ ಶೇಕಡಾ 4ರಷ್ಟು ಜಲಜನಕ ಸೇರಿದರೂ ಸಾಕು, ಒಂದು ಕಿಡಿಗೆ ಅದು ಹೊತ್ತಿಕೊಳ್ಳುತ್ತದೆ. ಜಲಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ನಾಲ್ಕು ಬ್ಯಾಟರಿಗಳನ್ನು ಒಟ್ಟಿಗೆ ಚಾರ್ಜಿಗಿಡುವುದು ಆದ್ದರಿಂದಲೇ ಅಪಾಯ. ಸಿಡಿತದಲ್ಲಿ ಹಾರುವ ಆಮ್ಲ ಮೊದಲು ತಾಕುವುದು ಬಾಗಿ ನೋಡುತ್ತಿರುವವನ ಕಣ್ಣಿಗೆ.

ಗಾಳಿಯಾಡುವ ಜಾಗ, ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇರಲೇಬೇಕು. ಉಂಗುರ, ಬಳೆ, ಬೀಡಿ, ಬೆಂಕಿಕಡ್ಡಿ ದೂರವಿರಲಿ. ಚಾರ್ಜರಿನ ಕ್ಲಿಪ್‌ಗಳನ್ನು ಜೋಡಿಸಿದ ಮೇಲೆಯೇ ಸ್ವಿಚ್ ಹಾಕಬೇಕು; ಸ್ವಿಚ್ ಆರಿಸಿದ ಮೇಲೆಯೇ ಕ್ಲಿಪ್ ತೆಗೆಯಬೇಕು. ಫಲಕಗಳು ಮುಳುಗುವಷ್ಟು ನೀರಿಲ್ಲದಿದ್ದರೆ ಚಾರ್ಜಿಗೆ ಮುಂಚೆ ಅಷ್ಟು ಮಾತ್ರ ಹಾಕಿ, ಗುರುತಿನವರೆಗೆ ತುಂಬುವುದನ್ನು ಚಾರ್ಜ್ ಆದ ಮೇಲೆ ಮಾಡಬೇಕು. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ನಲ್ಲಿ ನೀರೂ ಅಲ್ಲ, ಆಮ್ಲವೂ ಅಲ್ಲ. ಆಮ್ಲ ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಶುದ್ಧ ನೀರಿನಲ್ಲಿ ತೊಳೆದು ತಡಮಾಡದೆ ವೈದ್ಯರ ಬಳಿ ಹೋಗಬೇಕು.

ನಮ್ಮ ಕರಾವಳಿಗೂ ಇದೇ ಪಾಠ

ನಮ್ಮಲ್ಲಿ ಸಮುದ್ರ ಹೆಪ್ಪುಗಟ್ಟುವುದಿಲ್ಲ. ಆದರೂ ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಮಲ್ಪೆ, ಮಂಗಳೂರು ಬಂದರುಗಳ ಯಾಂತ್ರೀಕೃತ ದೋಣಿಗಳು ಸಾಮಾನ್ಯವಾಗಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ವಿಶ್ರಾಂತಿ ಪಡೆಯುತ್ತವೆ. ಇಲ್ಲಿ ಬ್ಯಾಟರಿ ಬಿರಿಯುವ ಭಯವಿಲ್ಲ. ಆದರೆ ಕರಾವಳಿಯ ಬೆಚ್ಚನೆಯ ಹವೆಯಲ್ಲಿ ಅದು ಡುಲುತ್‌ನಲ್ಲಿರುವುದಕ್ಕಿಂತ ಬಹುಬೇಗ ತಾನಾಗಿ ಬರಿದಾಗುತ್ತದೆ. ಉಪ್ಪುಗಾಳಿಗೆ ಟರ್ಮಿನಲ್‌ಗಳೂ ಕಿಲುಬುತ್ತವೆ. ಒರೆಸಿ ಒಣಗಿಸಿ ತೆಳುವಾಗಿ ವ್ಯಾಸಲೀನ್ ಸವರಿದರೆ ಆ ಕಾಟ ತಪ್ಪುತ್ತದೆ. ಬೇಸಿಗೆ ರಜೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋಗುವವರ ಕಾರಿನ ಬ್ಯಾಟರಿಗೂ ಈ ಮಾತು ಅನ್ವಯಿಸುತ್ತದೆ.

ತಂತಿ ಬಿಚ್ಚುವ, ನೀರು ಹಾಕುವ ಕೆಲಸ ದೊಡ್ಡವರದು. ಮಕ್ಕಳು ಅದಕ್ಕೆ ಕೈಹಾಕಬಾರದು. ಆದರೆ ದೊಡ್ಡವರು ಅಳೆದು ಹೇಳಿದ ಅಂಕಿಯನ್ನು ತಾರೀಕು ಸಮೇತ ಪುಸ್ತಕದಲ್ಲಿ ಬರೆದಿಡುವ ಕೆಲಸ ವಿದ್ಯಾರ್ಥಿಗಳದಾಗಲಿ. ಎರಡು ಮೂರು ತಿಂಗಳ ಅಂಕಿಗಳನ್ನು ಗ್ರಾಫ್ ಕಾಗದದ ಮೇಲೆ ಗುರುತಿಸಿದರೆ ಯಾವ ಬ್ಯಾಟರಿಯ ಗೆರೆ ಬೇಗ ಇಳಿಯುತ್ತಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಅದು ಕೈಕೊಡುವ ಮುನ್ನವೇ ಮನೆಯವರನ್ನು ಎಚ್ಚರಿಸಬಹುದು.