ಇಬ್ಬರು ದಾಸಿಯರು

ರೋಮನರ ನ್ಯಾಯಬುದ್ಧಿಯನ್ನು ಹೊಗಳುವವರಿಗೆ ನಾನು ಪ್ಲಿನಿಯ ಪತ್ರವೊಂದನ್ನು ತೋರಿಸುವುದುಂಟು. ಕ್ರಿ.ಶ. 112ರ ಸುಮಾರಿಗೆ ಬಿಥೀನಿಯ ಪ್ರಾಂತದ ಅಧಿಪತಿಯಾಗಿದ್ದ ಆತ, ಕ್ರೈಸ್ತರನ್ನು ಹೇಗೆ ವಿಚಾರಿಸಬೇಕೆಂದು ಚಕ್ರವರ್ತಿ ಟ್ರೇಜನನನ್ನು ಕೇಳುತ್ತಾನೆ. ಬೆಳಗಾಗುವ ಮುನ್ನ ಕೂಡಿ ಕ್ರಿಸ್ತನನ್ನು ಸ್ತುತಿಸುತ್ತಿದ್ದೆವು, ಕಳವು ವ್ಯಭಿಚಾರಗಳನ್ನು ಮಾಡೆವೆಂದು ಆಣೆಯಿಡುತ್ತಿದ್ದೆವು. ಮತವನ್ನು ತೊರೆದವರು ಒಪ್ಪಿಕೊಂಡುದು ಇಷ್ಟೆ. ಪ್ಲಿನಿಗೆ ಸಮಾಧಾನವಾಗಲಿಲ್ಲ. ಸಭೆಯ ಸೇವಕಿಯರೆನಿಸಿದ್ದ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದ. ಮಿತಿಮೀರಿದ ಮೂಢನಂಬಿಕೆಯಲ್ಲದೆ ಮತ್ತೇನೂ ಹೊರಬೀಳಲಿಲ್ಲವಂತೆ!

ಹುಡುಕಿ ಹಿಡಿಯಬೇಡ, ರುಜುವಾತಾದರೆ ದಂಡಿಸು, ನಮ್ಮ ದೇವತೆಗಳನ್ನು ಪೂಜಿಸಿದರೆ ಕ್ಷಮಿಸು ಎಂದು ಟ್ರೇಜನನ ಉತ್ತರ. ಅಪರಾಧಿಗಳಾದರೆ ಹುಡುಕಬಾರದೇಕೆ, ಅಲ್ಲವಾದರೆ ದಂಡನೆಯೇಕೆ? ಟೆರ್ಟುಲಿಯನನು ಮುಂದೆ ಕೇಳಿದ್ದು ಇದನ್ನೇ. ನನಗೆ ತೋರುವಂತೆ ಅಲ್ಲಿದ್ದುದು ನ್ಯಾಯಕ್ಕಿಂತ ಹೆಚ್ಚಾಗಿ ಅಳುಕು. ನಿಕೊಮೀಡಿಯದಲ್ಲಿ ಬೆಂಕಿ ಆರಿಸಲು 150 ಜನರ ಸಂಘ ಕಟ್ಟುವುದಕ್ಕೂ ಈ ದೊರೆ ಒಪ್ಪಿರಲಿಲ್ಲ. ಹೆಸರಿಲ್ಲದ ದೂರುಗಳನ್ನು ಮಾತ್ರ ಸ್ವೀಕರಿಸಕೂಡದೆಂದು ಬರೆದ. ಆ ದಾಸಿಯರ ಹೆಸರುಗಳು ಪತ್ರದಲ್ಲಿಲ್ಲ.